ಕಣ್ಣು ಬಿಚ್ಚಿ ಅಗೆದವನು

ನಂಬಬೇಡಿ. ಮೊದಲೇ ಹೇಳಿಬಿಡುತ್ತೇನೆ, ನಂಬುವವರಿಗಾಗಿ ಹೇಳುವ ಕತೆ ಇದಲ್ಲ. ಕೈ ಕಟ್ಟಿಕೊಂಡು, ಮೂಗು ಮುರಿದು, 'ಹೋಗಯ್ಯ, ಇಂಥವು ಎಷ್ಟೋ ಕೇಳಿದೀನಿ' ಅನ್ನುವವನು ಯಾರಾದರೂ ಇದ್ದರೆ ಅವನು ಮುಂದೆ ಬಂದು ಕೂರಲಿ. ತಲೆಯಾಡಿಸುವವರು ಹಿಂದೆ ಕೂರಲಿ. ಈ ಕತೆಯನ್ನು ಹೀಗೆ ಹೇಳಬಲ್ಲವನು ಸುತ್ತ ಹತ್ತೂರಲ್ಲಿ ಇನ್ನೊಬ್ಬನಿಲ್ಲ. ಬೇಕಾದರೆ ಅದನ್ನೂ ನಂಬಬೇಡಿ. ಪೂರ್ತಿ ಕೇಳಿ, ಮನೆಗೆ ಹೋಗಿ, ನಿಮ್ಮ ಹಿತ್ತಿಲಲ್ಲಿ ಎದೆಯುದ್ದ ಒಂದು ಗುಂಡಿ ತೋಡಿ, ಅದರ ಗೋಡೆ ನೋಡಿ. ಆಮೇಲೂ ಸುಳ್ಳು ಅನ್ನುವ ಧೈರ್ಯವಿದ್ದರೆ ಬನ್ನಿ, ಅನ್ನಿ.

ಒಂದು ದಿನ್ನೆ ಇತ್ತು. ದಿನ್ನೆಯ ಮೇಲೊಂದು ಊರಿತ್ತು. ಊರಿಗೊಂದು ಕಟ್ಟಳೆ ಇತ್ತು: ಮಣ್ಣಿನೊಳಗೆ ಇರುವುದನ್ನು ಮಣ್ಣಿನ ಸಮೇತ ನೋಡಬಾರದು. ನೋಡಿದ ಕಣ್ಣು ಇಂಗಿಹೋಗುತ್ತದೆ.

ಹಾಗಾಗಿ ಆ ಊರಿನಲ್ಲಿ ಅಗೆಯುವವರು ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಗೆಯುತ್ತಿದ್ದರು. ಬೆಳಗಾದರೆ ಸಾಲಾಗಿ ಬಂದು ನಿಲ್ಲುವರು. ಹಿಂದಿನವನು ಮುಂದಿನವನ ಕಣ್ಣು ಕಟ್ಟುವನು, ಕಡೆಯವನ ಕಣ್ಣನ್ನು ಅವನ ಹೆಂಡತಿ ಕಟ್ಟುವಳು. ಆಮೇಲೆ ಗುದ್ದಲಿ ಏಳುವುದು, ಬೀಳುವುದು, ಏಳುವುದು, ಬೀಳುವುದು. ಎಲ್ಲೋ ಒಂದು ಕಡೆ ಠಣ್ ಎಂದರೆ ಎಲ್ಲರ ಗುದ್ದಲಿಯೂ ಗಾಳಿಯಲ್ಲೇ ನಿಲ್ಲುವುದು. 'ಬಂತು!' ಎಂದು ಒಬ್ಬ ಕೂಗುವನು. ಆಗ ಮೀಯಿಸುವವಳು ಬರುವಳು. ಮುಖವನ್ನು ಆಚೆ ತಿರುಗಿಸಿ, ಕೈಯನ್ನು ಮಾತ್ರ ಗುಂಡಿಗಿಳಿಸಿ, ಸಿಕ್ಕಿದ್ದನ್ನು ಕಿತ್ತು, ಮುಚ್ಚಳದ ಬುಟ್ಟಿಯಲ್ಲಿಟ್ಟು ಹೊಳೆಗೆ ಒಯ್ಯುವಳು. ಹುಣಸೆಹಣ್ಣು ಹಚ್ಚಿ ತಿಕ್ಕುವಳು, ಸೀಗೆಪುಡಿ ಹಚ್ಚಿ ತಿಕ್ಕುವಳು, ಮರಳು ಹಚ್ಚಿ ತಿಕ್ಕುವಳು. ಮಣ್ಣೆಲ್ಲ ಹೊಳೆಯ ಪಾಲು. ವಸ್ತು ಥಳಥಳ ಹೊಳೆದ ಮೇಲೆ ಕೊಂಬು ಊದುವರು, ಆಗ ಊರೆಲ್ಲ ಕಣ್ಣು ಬಿಚ್ಚಿ ನೋಡುವುದು.

ಕಟ್ಟೆಯ ಮೇಲೆ ಹೇಳಿಕೆಯವನು ನಿಲ್ಲುವನು. ಸಿಕ್ಕಿದ್ದು ಏನು, ಎಂದಿನದು, ಯಾರದು ಎಂದು ಸಾರುವುದು ಅವನ ಕೆಲಸ. ಅವನಿಗೆ ಗೊತ್ತಿದ್ದ ಉತ್ತರ ಒಂದೇ, ಊರು ಕಟ್ಟಿದ ಮೂಲಪುರುಷ. ಹಂಡೆ ಸಿಕ್ಕರೆ ಮೂಲಪುರುಷ ಉಂಡದ್ದು. ಮೂಳೆ ಸಿಕ್ಕರೆ ಮೂಲಪುರುಷ ಕೊಂದ ರಕ್ಕಸನದು. ನುಣ್ಣನೆಯ ಕಲ್ಲುಕೊಡಲಿ ಸಿಕ್ಕರೆ, ಮೂಲಪುರುಷ ಹುಟ್ಟಿದ ಗಳಿಗೆಯಲ್ಲಿ ಬಾನಿನಿಂದ ಬಿದ್ದ ಸಿಡಿಲು. ಹೇಳಿಕೆ ಮುಗಿದರೆ ವಸ್ತು ಮೂಲದ ಮನೆ ಸೇರುವುದು. ಅಲ್ಲಿ ದೊಡ್ಡದು ಮುಂದೆ, ಸಣ್ಣದು ಹಿಂದೆ. ಯಾಕೆಂದರೆ ಹಿಂದಿನವರು ತಾಳೆಮರದೆತ್ತರ ಇದ್ದರಂತೆ, ಬರಬರುತ್ತ ಕುಗ್ಗಿದರಂತೆ. ಎಷ್ಟು ದೊಡ್ಡದೋ ಅಷ್ಟು ಹಳೆಯದು.

ಮೂಲದ ಮನೆಯ ಸಾಲು ಹೇಗೋ ಕಟ್ಟೆಯ ಸಾಲೂ ಹಾಗೆ. ಮೊದಲು ಬಂದ ಮನೆತನದವರು ಮೊದಲು ಕೂರುವರು, ಮೊದಲು ನೀರು ಸೇದುವರು, ಸತ್ತರೆ ದಿನ್ನೆಯ ಮಣ್ಣಿನಲ್ಲಿ ಮಲಗುವರು. ಆ ಸಾಲಿನಲ್ಲಿ ಜಾಗವೇ ಇಲ್ಲದವರು ಅಗೆಯುವವರು. ಅವರ ಗಂಡಸರು ಮಣ್ಣು ಅಗೆಯುವರು, ಹೆಂಗಸರು ಮಡಕೆ ತಟ್ಟುವರು. ಊರು ಅವರನ್ನು 'ನಿನ್ನೆಯವರು' ಎಂದು ಕರೆಯುತ್ತಿತ್ತು. ನಿನ್ನೆ ಬಂದವರು. ಅವರ ಅಪ್ಪನೂ ನಿನ್ನೆಯವನು, ಅಜ್ಜನೂ ನಿನ್ನೆಯವನು, ಮುತ್ತಜ್ಜನ ಮುತ್ತಜ್ಜನೂ ನಿನ್ನೆಯವನೇ. ಆ ನಿನ್ನೆ ಮಾತ್ರ ಮೊನ್ನೆಯಾಗಲೇ ಇಲ್ಲ. ನಿನ್ನೆಯವರು ಸತ್ತರೆ ಅವರಿಗೆ ಮಣ್ಣಿಲ್ಲ. ಹೊಳೆಗೆ ಬಿಡುವರು.

ಈ ನಿನ್ನೆಯವರಲ್ಲಿ ಒಬ್ಬ ಗುದ್ದಲಿಯವನಿದ್ದ. ಏರುಪ್ರಾಯ, ಅಗಲ ಎದೆ, ಅದಕ್ಕಿಂತ ಅಗಲ ಬಾಯಿ. 'ನಾನು ಗುದ್ದಲಿ ಎತ್ತಿದರೆ ಸಾಕು, ಭೂಮಿ ತಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ' ಎನ್ನುತ್ತಿದ್ದ. 'ಕೆರೆ ತುಂಬೋಕೆ ಮಳೆ ಬೇಕು, ಕೆರೆ ಆಗೋಕೆ ನಾನು ಬೇಕು' ಎನ್ನುತ್ತಿದ್ದ. ಜನ ನಗುತ್ತಿದ್ದರು. ಆದರೆ ಅವನು ಅಗೆದ ಗುಂಡಿಯ ಅಂಚು ಎಷ್ಟು ನೇರವಾಗಿರುತ್ತಿತ್ತೆಂದರೆ, ಕಣ್ಣು ಕಟ್ಟಿಕೊಂಡಿದ್ದಾನೋ ಇಲ್ಲವೋ ಎಂದು ಕಾವಲಿನವರು ಆಗಾಗ ಬಂದು ಅವನ ಬಟ್ಟೆಯ ಗಂಟು ಮುಟ್ಟಿ ನೋಡುತ್ತಿದ್ದರು.

ಅವನಿಗೆ ಇದ್ದವಳು ಅಜ್ಜಿ ಒಬ್ಬಳೇ. ಜನ್ಮವೆಲ್ಲ ಮಡಕೆ ತಟ್ಟಿದವಳು. ಈಗ ಗೋಡೆಗೊರಗಿ ಕೂತಿದ್ದಳು. ಎದ್ದು ನಿಲ್ಲುವ ಶಕ್ತಿ ಕಾಲಿನಿಂದ ಹೋಗಿತ್ತು, ಬೈಯುವ ಶಕ್ತಿ ನಾಲಿಗೆಯಿಂದ ಹೋಗಿರಲಿಲ್ಲ.

'ಲೇ ಮಗಾ,' ಎಂದಳು ಒಂದು ಬೆಳಗ್ಗೆ. 'ನಂದು ಇನ್ನು ಮುಗೀತು.'

'ಹೋದ ವರ್ಷಾನೂ ಮುಗಿದಿತ್ತು ನಿಂದು,' ಎಂದ ಗುದ್ದಲಿಯವನು.

'ಈ ಸಲ ಖರೆ. ಒಂದು ಮಾತು ಕೇಳು. ನನ್ನ ಹೊಳೆಗೆ ಬಿಡಬ್ಯಾಡ.'

ಗುದ್ದಲಿಯವನು ತಿರುಗಿ ನೋಡಿದ.

'ನಾನು ಹಸಿಮಣ್ಣು ಕಣೋ. ನೀರಿಗೆ ಹಾಕಿದರೆ ಕರಗಿಹೋಗ್ತೀನಿ. ಒಲೆಗೆ ಹಾಕಿದರೂ ಆಯ್ತು, ನೆಲಕ್ಕೆ ಹಾಕಿದರೂ ಆಯ್ತು. ನೀರು ಬ್ಯಾಡ. ಮಣ್ಣು ಕಲಸಿದವಳಿಗೆ ಮಣ್ಣು ಕೊಡಿಸು.'

ಬೇರೆ ಯಾರಾದರಾಗಿದ್ದರೆ ತಲೆ ತಗ್ಗಿಸುತ್ತಿದ್ದರು. ಗುದ್ದಲಿಯವನು ಎದೆ ತಟ್ಟಿಕೊಂಡ. 'ಅಷ್ಟೇನಾ? ದಿನ್ನೆ ನೆತ್ತಿ ಮೇಲೇ ಮಲಗಿಸ್ತೀನಿ. ಮೂಲಪುರುಷ ಒಂದಿಷ್ಟು ಆ ಕಡೆ ಜರುಗಲಿ.'

ನೆಟ್ಟಗೆ ಕಟ್ಟೆಗೆ ನಡೆದ. ಕಟ್ಟೆಯ ಹಿರಿಯ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಪಕ್ಕದಲ್ಲಿ ಹೇಳಿಕೆಯವನು ಕೂತಿದ್ದ. ಗುದ್ದಲಿಯವನು ಕಟ್ಟೆಯ ಕೆಳಗೆ ನಿಂತು ಹೇಳಬೇಕಾದ್ದನ್ನು ಹೇಳಿದ. ಹಿರಿಯನಿಗೆ ಸಿಟ್ಟೇನೂ ಬರಲಿಲ್ಲ. ಅವನು ಒಳ್ಳೆಯ ಮಾತಿನ ಮನುಷ್ಯ.

'ನೋಡಪ್ಪ, ನಿಮ್ಮಜ್ಜಿ ತಟ್ಟಿದ ಮಡಕೆ ನೀರು ಕುಡಿದೇ ನಾನೂ ದೊಡ್ಡವನಾದದ್ದು. ಆದರೆ ಮಣ್ಣು ಮೊದಲು ಬಂದವರದು. ನೀವು ನಿನ್ನೆ ಬಂದವರು. ನಾನೇನು ಮಾಡಲಿ?'

'ನಿನ್ನೆ ಅಂತ ಯಾರು ಹೇಳಿದರು, ಯಜಮಾನ್ರೇ?'

'ಮೂಲದ ಮನೆ ಹೇಳುತ್ತೆ. ಹೋಗಿ ನೋಡು. ಅಲ್ಲಿ ನಿಮ್ಮದು ಒಂದು ಚೂರಾದರೂ ಇದೆಯಾ? ಇದ್ದದ್ದೆಲ್ಲ ಆಳೆತ್ತರದ್ದು, ಮೂಲಪುರುಷನದು. ನಿಮ್ಮದು ಗೇಣುದ್ದದ ಮಡಕೆ. ಸಣ್ಣದು, ಅಂದಮೇಲೆ ಹೊಸದು.'

'ಹಂಗಾದರೆ ಕುಂಬಳಕಾಯಿ ಹುಣಸೆಬೀಜಕ್ಕಿಂತ ಹಳೇದೋ?'

ಕಟ್ಟೆಯ ಕಡೆಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೇಳಿಕೆಯವನು ಗಂಟಲು ಸರಿಮಾಡಿಕೊಂಡ. 'ಬಾಯಿ ಇದೆ ಅಂತ ಆಡಬ್ಯಾಡ. ಊರು ಅಗೀತಾ ಇರೋದು ನೀವೇ. ನಿಮ್ಮದೇ ಗುದ್ದಲಿ. ನಿಮ್ಮದೇನಾದರೂ ಕೆಳಗಿದ್ದಿದ್ದರೆ ಇಷ್ಟೊತ್ತಿಗೆ ನಿಮ್ಮ ಕೈಗೇ ಸಿಗಬೇಕಿತ್ತಲ್ಲ?'

'ಸಿಕ್ಕಿರಬಹುದು. ನಾನು ನೋಡಿದ್ದರೆ ತಾನೆ? ನಾನು ಕಿತ್ತಾಗ ಕಣ್ಣಿಗೆ ಬಟ್ಟೆ. ಅದು ಕಣ್ಣಿಗೆ ಬಿದ್ದಾಗ ಅದರ ಮಣ್ಣು ಹೊಳೆ ಪಾಲು. ಎಲ್ಲಿತ್ತು, ಯಾವುದರ ಮೇಲಿತ್ತು, ಯಾವುದರ ಕೆಳಗಿತ್ತು, ಯಾರಿಗೆ ಗೊತ್ತು? ತೊಳೆದ ಮೇಲೆ ಎಲ್ಲಾನೂ ಒಂದೇ.' ಗುದ್ದಲಿಯವನು ಒಂದು ಹೆಜ್ಜೆ ಮುಂದಿಟ್ಟು, ಊರಿನಲ್ಲಿ ಯಾರೂ ಆಡದ ಮಾತು ಆಡಿದ. 'ನಾನು ಕಣ್ಣು ಬಿಚ್ಚಿ ಅಗೀತೀನಿ.'

ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. ಸೇದುವ ಹಗ್ಗ ನಿಂತಿತು. ನೀರಿನ ಕೊಡ ಬಾವಿಯ ಅರ್ಧಕ್ಕೇ ತೂಗಾಡುತ್ತ ನಿಂತಿತು.

'ಕಣ್ಣು ಇಂಗಿಹೋಗುತ್ತೆ,' ಎಂದ ಹಿರಿಯ ಮೆಲ್ಲಗೆ.

'ಹೋಗಲಿ. ಕೂತು ನೋಡಿ. ಪುಕ್ಕಟೆ ಆಟ.'

ಮೂಲದ ಮನೆಯ ಎದುರಿನ ಬಯಲಿನಲ್ಲಿ, ಉರಿಬಿಸಿಲಿನಲ್ಲಿ, ಊರೆಲ್ಲ ನೋಡುತ್ತಿರುವಾಗ ಗುದ್ದಲಿಯವನು ನೆಲದ ಮೇಲೆ ಚೌಕ ಎಳೆದ. ಹಣೆಯ ಮೇಲಿದ್ದ ಬಟ್ಟೆ ಬಿಚ್ಚಿ ಬೆವರು ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡ. ಗುದ್ದಲಿ ಎತ್ತಿದ.

ಚೌಕದ ನಡುವೆ ಮಾತ್ರ ಒಂದು ತುಂಡು ನೆಲ ಮುಟ್ಟದೆ ಬಿಟ್ಟ. ಕೆರೆ ತೋಡುವವರು ಹಾಗೇ ಮಾಡುತ್ತಾರೆ. ಎಷ್ಟು ಆಳ ತೋಡಿದೆವೆಂದು ತೋರಿಸಲು ನಡುವೆ ಒಂದು ಮಣ್ಣಿನ ಕಂಬ ಉಳಿಸುತ್ತಾರೆ, ಅದಕ್ಕೆ ಸಾಕ್ಷಿ ಎನ್ನುತ್ತಾರೆ. 'ನಾಳೆ ಯಾವನಾದರೂ ಬಂದು ಸುಳ್ಳು ಅಂದರೆ ಸಾಕ್ಷಿನ ಕೇಳಲಿ, ನನ್ನ ಕೇಳೋದು ಬ್ಯಾಡ' ಎಂದ. ತನ್ನ ಮಾತಿಗಿಂತ ದೊಡ್ಡದು ಇನ್ನೊಂದಿದೆ ಎಂದು ಅವನು ಒಪ್ಪಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಮೊಣಕಾಲುದ್ದ ಇಳಿದ. ಕಣ್ಣು ಇಂಗಲಿಲ್ಲ. ಸೊಂಟದುದ್ದ ಇಳಿದ. ಕಣ್ಣು ಇಂಗಲಿಲ್ಲ. ಎದೆಯುದ್ದ ಇಳಿದು, ಬೆನ್ನು ನೆಟ್ಟಗೆ ಮಾಡಲು ನಿಂತವನು ಎದುರಿನ ಗೋಡೆ ನೋಡಿದ.

ನೆಲದ ಮೈ ಒಂದೇ ಬಣ್ಣದ್ದಲ್ಲ! ಮೇಲೆ ಕಂದು. ಅದರ ಕೆಳಗೆ ಹಾಲು ಚೆಲ್ಲಿ ಒಣಗಿದಂಥ ತೆಳ್ಳನೆ ಬಿಳಿ. ಅದರ ಕೆಳಗೆ ಕೆಂಪು, ಕೆಂಪಿನಲ್ಲಿ ಇಟ್ಟಿಗೆಯ ಚೂರು. ಅದರ ಕೆಳಗೆ ಬೂದಿ. ಸೀರೆಯ ಅಂಚಿನ ಹಾಗೆ ಗೆರೆಯ ಮೇಲೆ ಗೆರೆ, ಗೆರೆಯ ಮೇಲೆ ಗೆರೆ. ಇಷ್ಟು ವರ್ಷ ಇದರೊಳಗೇ ದುಡಿದ. ತನ್ನ ಅಪ್ಪ ದುಡಿದ, ಅಪ್ಪನ ಅಪ್ಪ ದುಡಿದ. ಒಬ್ಬರೂ ಇದನ್ನು ಕಂಡಿರಲಿಲ್ಲ. ಅವನಿಗೆ ಸಿಟ್ಟು ಬಂತು. ಎಂಥ ಸಿಟ್ಟು ಎಂದರೆ ಕಣ್ಣಲ್ಲಿ ನೀರು ಬಂತು. ಮೇಲಿದ್ದವರು 'ನೋಡ್ರೋ, ಇಂಗ್ತಾ ಇದೆ, ಇಂಗ್ತಾ ಇದೆ' ಎಂದು ಕೂಗಿದರು.

'ನಿಮ್ಮ ತಲೆ!' ಎಂದು ಕೆಳಗಿನಿಂದ ಗದರಿದ. 'ಬುಟ್ಟಿಯೊಳಗಿನ ರೊಟ್ಟಿ ನೋಡಿದೀರೋ ಇಲ್ಲವೋ? ಅಡಿಯ ರೊಟ್ಟಿ ಮೊದಲು ಸುಟ್ಟದ್ದು, ಮೇಲಿನ ರೊಟ್ಟಿ ಆಮೇಲೆ ಸುಟ್ಟದ್ದು. ಇದನ್ನ ಹೇಳೋಕೂ ಒಬ್ಬ ಹೇಳಿಕೆಯವನು ಬೇಕೇನ್ರೋ? ದೊಡ್ಡದಲ್ಲ ಹಳೇದು. ಕೆಳಗಿನದು ಹಳೇದು!'

ಕೆಂಪು ಮಣ್ಣಿನಲ್ಲಿ ಗೋಡೆಯೊಂದರ ಬುಡ ಸಿಕ್ಕಿತು. ಮೊಳದುದ್ದದ ಇಟ್ಟಿಗೆಗಳು, ಮೂಲಪುರುಷ ಸುಟ್ಟನೆಂದು ಊರಿನ ಪ್ರತಿ ಮನೆಯಲ್ಲೂ ಒಂದೊಂದನ್ನು ಇಟ್ಟು ಕೈ ಮುಗಿಯುವಂಥವೇ. ಅವನು ಕೂಗಿ ಹೇಳಿದ್ದೇ ತಡ, ಊರು ಹೋ ಎಂದಿತು. 'ಮುಟ್ಟಿದೆಯಲ್ಲ ತಳ,' ಎಂದ ಹೇಳಿಕೆಯವನು ಮೇಲಿನಿಂದ. 'ಅದರ ಕೆಳಗೆ ಏನೂ ಇಲ್ಲ. ದೇವರು ಮಾಡಿದ ಮಣ್ಣು ಅಷ್ಟೇ. ಹತ್ತಿ ಬಾ.'

ಗುದ್ದಲಿಯವನು ಇಟ್ಟಿಗೆಯ ಅಡಿಗೆ ಬೆರಳು ತೂರಿಸಿದ. ಬೆರಳು ಮೆತ್ತನೆ ಒಳಗೆ ಹೋಯಿತು. ಮೂಲಪುರುಷನ ಗೋಡೆ ಬೂದಿಯ ಮೇಲೆ ನಿಂತಿತ್ತು. ಯಾರದೋ ಒಲೆಯ ಬೂದಿ.

ಗುದ್ದಲಿ ಪಕ್ಕಕ್ಕಿಟ್ಟ. ಅಜ್ಜಿ ಮಡಕೆಯ ಬಾಯಿ ತೀಡುವ ಬಿದಿರು ಸೀಳನ್ನು ಸೊಂಟದಿಂದ ತೆಗೆದ. ಊರಿನ ಗಟ್ಟಿಗ ಎನಿಸಿಕೊಂಡವನು ಮಗುವಿನ ಕಿವಿ ತೊಳೆಯುವ ಹಾಗೆ ಬೂದಿಯನ್ನು ಬಿಡಿಸುತ್ತ ಕೂತ. ಹೊತ್ತು ಇಳಿಯಿತು, ಹೊತ್ತು ಏರಿತು. ಬೂದಿಯೊಳಗಿನಿಂದ ಒಂದು ಮಡಕೆಯ ಕಂಠ ಮೂಡಿತು. ಒಳಗೆ ಕಪ್ಪು, ಹೊರಗೆ ಕೆಂಪು. ಕಂಠದ ಕೆಳಗೆ ಸುತ್ತಲೂ ಹೆಬ್ಬೆರಳಿನ ಒತ್ತು, ಒತ್ತಿನ ಪಕ್ಕ ಒತ್ತು. ಅವನ ಮನೆಯ ನೀರಿನ ಮಡಕೆಯ ಮೇಲಿರುವ ಅದೇ ಒತ್ತು. ಕೀಳಲಿಲ್ಲ. ಸುತ್ತಲಿನ ಮಣ್ಣು ತೆಗೆದು, ಮಡಕೆ ಕೂತಿದ್ದಷ್ಟು ಮಣ್ಣನ್ನು ಅದರ ಅಡಿಗೇ ಬಿಟ್ಟ. ಮಡಕೆ ಪೀಠದ ಮೇಲೆ ಕೂತ ಹಾಗೆ ಕೂತಿತು.

ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ತಂದು ಗುಂಡಿಗಿಳಿಸಿದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಒತ್ತಿನ ಮೇಲೆ ಹೆಬ್ಬೆರಳು ಆಡಿಸಿದಳು.

'ಇವಳು ಎಡಚಿ,' ಎಂದಳು ಅಜ್ಜಿ.

'ಯಾರು?'

'ಇದನ್ನ ಮಾಡಿದವಳು. ಒತ್ತು ಆ ಕಡೆ ವಾಲಿದೆ ನೋಡು. ಕೈ ಚಲೋ ಇದೆ. ಆದರೆ ಸೋಮಾರಿ. ಅಡಿ ಸರಿಯಾಗಿ ತಟ್ಟಿಲ್ಲ. ನಮ್ಮವ್ವ ನೋಡಿದ್ದರೆ ಬೆನ್ನಿಗೆ ಒಂದು ಬಾರಿಸ್ತಿದ್ದಳು.' ಹಾಗೆಂದು ಸತ್ತ ಸಂಬಂಧಿಕಳನ್ನು ಬೈದವಳ ಹಾಗೆ ಮುಖ ಮಾಡಿಕೊಂಡು, ಸೆರಗಿನಿಂದ ಮೂಗು ಒರೆಸಿಕೊಂಡಳು.

ಗುದ್ದಲಿಯವನು ಗುಂಡಿಯೊಳಗೆ ತೊಡೆ ತಟ್ಟಿದ. 'ನಿನ್ನೆಯವರಂತೆ! ಮೂಲಪುರುಷ ನಮ್ಮ ಒಲೆ ಬೂದಿ ಮೇಲೆ ಮನೆ ಕಟ್ಟಿದ್ದಾನೆ ಕಣ್ರೋ! ಅವನು ಬಂದಾಗ ನಾವು ಅಡಿಗೆ ಮಾಡಿ, ಉಂಡು, ಕೈ ತೊಳೆದು ಆಗಿತ್ತು!'

ನಿನ್ನೆಯವರ ಕೇರಿಯೆಲ್ಲ ಸಿಳ್ಳೆ ಹಾಕಿತು. ಹೆಂಗಸರು ಕೈ ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ಕಟ್ಟೆಯ ಹಿರಿಯ ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕೂತ. ಅವನ ಹಿಂದೆ ಹೇಳಿಕೆಯವನು, ಅವನ ಹಿಂದೆ ಬುಟ್ಟಿ ಹಿಡಿದ ಮೀಯಿಸುವವಳು, ಮುಖ ಆಚೆ ತಿರುಗಿಸಿಕೊಂಡು.

'ಗೆದ್ದೆಯಪ್ಪ,' ಎಂದ ಹಿರಿಯ. 'ಒಪ್ಪಿದೆ. ಈಗ ನಾನು ಹೇಳೋದು ಕೇಳು. ಆ ಮಡಕೆ ಮೇಲಕ್ಕೆ ಕೊಡು. ಮೀಯಿಸ್ತಾಳೆ. ಹೇಳಿಕೆಯಾಗುತ್ತೆ.'

'ಏನಂತ?'

'ಮೂಲಪುರುಷನ ತಾಯಿಯ ಮಡಕೆ ಅಂತ,' ಎಂದ ಹೇಳಿಕೆಯವನು. ಅವನ ನಾಲಿಗೆ ಆಗಲೇ ಹೊಸ ಕತೆಯ ರುಚಿ ಹತ್ತಿದ ಹಾಗೆ ಆಡುತ್ತಿತ್ತು. 'ನೀವು ಅವಳ ತವರಿನವರು. ಅಂದಮೇಲೆ ಮೂಲಪುರುಷನಿಗಿಂತ ಮೊದಲಿನವರು. ಕಟ್ಟೆಯ ಮೊದಲ ಸಾಲು ನಿಮ್ಮದು. ಮೊದಲ ನೀರು ನಿಮ್ಮದು.'

'ನಿಮ್ಮಜ್ಜಿಗೆ ಮಣ್ಣು,' ಎಂದ ಹಿರಿಯ. 'ಗುಂಡಿ ಮುಚ್ಚಿಬಿಡು. ಇಲ್ಲಿಗೆ ಸಾಕು.'

ಗುದ್ದಲಿಯವನ ಸೋದರಮಾವ ಅಂಚಿನಿಂದ ಗುಂಡಿಗೆ ಅರ್ಧ ಬಗ್ಗಿದ. 'ತಗಳಲೇ! ಏನು ಯೋಚನೆ ಮಾಡ್ತೀಯ? ಕೊಡಲೇ ಮಡಕೇನ!'

ಗುದ್ದಲಿಯವನು ಕೈ ಚಾಚಿದ. ಸುಳ್ಳು ಯಾಕೆ, ಅವನಿಗೂ ಆಸೆಯಾಯಿತು. ಕಟ್ಟೆಯ ಮೊದಲ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಂತೆ, ಹಿರಿಯನೇ ಎಲೆಗೆ ಸುಣ್ಣ ಹಚ್ಚಿ ಕೊಟ್ಟಂತೆ ಕಣ್ಣಿಗೆ ಕಟ್ಟಿತು. ಎರಡೂ ಕೈಯಿಂದ ಮಡಕೆ ಹಿಡಿದ. ಎತ್ತಬೇಕು. ಆಗ ಮಡಕೆಯ ಅಡಿಯ ಮಣ್ಣಿನ ಪೀಠ ನೋಡಿದ. ಬೂದಿ ಒಂದು ಗೇಣು ಇತ್ತು. ಬೂದಿಯ ಕೆಳಗೆ ಗೆರೆ ಎಳೆದ ಹಾಗೆ ಬೇರೆ ಮಣ್ಣು ಶುರುವಾಗಿತ್ತು. ಹಳದಿ ಮಣ್ಣು. ಹಳದಿಯಲ್ಲಿ ಏನೋ ಒಂದು ಮೊನೆ ಹೊರಗೆ ಚಾಚಿತ್ತು.

ಕೈ ಬಿಟ್ಟ.

'ಕೆಳಗೆ ಇನ್ನೂ ಇದೆ,' ಎಂದ.

'ಏನಿದೆ?' ಎಂದ ಮಾವ.

'ಗೊತ್ತಿಲ್ಲ.'

'ನಮ್ಮದಾ?'

'ಗೊತ್ತಿಲ್ಲ ಮಾವ.'

'ಗೊತ್ತಿಲ್ಲದ್ದು ಯಾಕೆ ಬೇಕಲೇ ನಿನಗೆ? ಅವರದರ ಕೆಳಗೆ ನಮ್ಮದು ಸಿಕ್ತು. ಲೆಕ್ಕ ಚುಕ್ತಾ. ನಮ್ಮದರ ಕೆಳಗೆ ಕೈ ಹಾಕೋ ಕೆಲಸ ನಿನಗ್ಯಾಕೆ?'

ನಿನ್ನೆಯವರ ಕೇರಿಯ ಸಿಳ್ಳೆ ನಿಂತಿತು. ತನ್ನವರ ಮುಖಗಳನ್ನು ಗುದ್ದಲಿಯವನು ಕೆಳಗಿನಿಂದ ನೋಡಿದ. ಆಕಾಶಕ್ಕೆ ಬೆನ್ನು ಕೊಟ್ಟು ಅಂಚಿನ ಸುತ್ತ ಬಗ್ಗಿದ್ದ ಮುಖಗಳು. ಅವುಗಳ ನಡುವೆ ಕಟ್ಟೆಯ ಹಿರಿಯನ ಮುಖ ಯಾವುದು, ಮಾವನ ಮುಖ ಯಾವುದು, ಒಂದು ಗಳಿಗೆ ಗೊತ್ತಾಗಲಿಲ್ಲ.

ಅಜ್ಜಿಯ ಕಡೆ ತಿರುಗಿದ. ಅವಳು ಸಾಕ್ಷಿಗೆ ಒರಗಿ ಕೂತಿದ್ದಳು.

'ನಿಲ್ಲಿಸಪ್ಪ,' ಎಂದಳು ಅಜ್ಜಿ. 'ನಂಗೆ ಮಣ್ಣು ಸಿಕ್ತಲ್ಲ. ಸಾಕು.'

ಊರು ಎದುರು ನಿಂತರೆ ಅವನಿಗೆ ಲೆಕ್ಕವಿರಲಿಲ್ಲ. ಕೇರಿ ಎದುರು ನಿಂತರೂ ಇರಲಿಲ್ಲ. ಇದು ಬೇರೆ. ಅವನು ಕುಕ್ಕರಿಸಿ ಅವಳ ಮೊಣಕಾಲು ಹಿಡಿದುಕೊಂಡ.

'ಅಜ್ಜೀ, ಒಂದು ಮಾತು ಕೇಳ್ತೀನಿ. ಸೀಳು ಬಿಟ್ಟ ಮಡಕೆಗೆ ಮೇಣ ತುಂಬಿ, ಕಾವಿ ಬಳಿದು, ಗಟ್ಟಿ ಮಡಕೆ ಅಂತ ಯಾವತ್ತಾದರೂ ಮಾರಿದೀಯಾ?'

ಅಜ್ಜಿ ಅವನನ್ನು ಸುಡುವ ಹಾಗೆ ನೋಡಿದಳು. 'ಏನಂದಿ?'

'ಮಾರಿದೀಯಾ ಇಲ್ಲವಾ?'

'ಉಪವಾಸ ಮಲಗಿದೀನಿ. ಮಾರಿಲ್ಲ.'

'ಮತ್ತೆ ನನ್ನ ಕೈಲಿ ಯಾಕೆ ಮಾರಿಸ್ತೀಯ?'

ಅಜ್ಜಿ ತನ್ನ ಹೆಬ್ಬೆರಳು ತಿರುಗಿಸಿ ನೋಡಿಕೊಂಡಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. 'ನಿನ್ನ ಬಾಯಿಗೆ ಬೆಂಕಿ ಬೀಳಲಿ. ಅಗಿ.'

ಅಗೆದ. ಬೂದಿ ಮುಗಿಯಿತು, ಹಳದಿ ಮಣ್ಣು ಬಂತು. ಮಡಕೆಯ ಚೂರು ನಿಂತುಹೋಯಿತು. ಮೇಲಿನವರ ಮಾತು ಕೇಳಿಸದಷ್ಟು ಇಳಿದ. ಅವನು ಕೂಗಿದ ಕೂಗು ಅವನು ಮರೆತ ಮೇಲೆ ಮೇಲಕ್ಕೆ ಮುಟ್ಟುತ್ತಿತ್ತು. ಅಲ್ಲಿ, ಹಳದಿ ಮಣ್ಣಿನ ಮೇಲೆ, ಕರಿಗಲ್ಲಿನ ಕೊಡಲಿಯೊಂದು ಮಲಗಿತ್ತು. ಮೂಲದ ಮನೆಯಲ್ಲಿ ಸಿಡಿಲು ಎಂದು ಪೂಜೆ ಮಾಡುತ್ತಿದ್ದರಲ್ಲ, ಅದೇ. ಆದರೆ ಇದರ ಸುತ್ತ ಕಲ್ಲಿನ ಚಕ್ಕೆಗಳು ಬಿದ್ದಿದ್ದವು, ಬಡಗಿಯ ಅಂಗಳದಲ್ಲಿ ಮರದ ಚಕ್ಕೆ ಬಿದ್ದಿರುವ ಹಾಗೆ. ಪಕ್ಕದಲ್ಲಿ ಇನ್ನೊಂದು ಕೊಡಲಿ ಇತ್ತು, ಒಂದು ಮೈ ನುಣ್ಣಗೆ, ಇನ್ನೊಂದು ಮೈ ಒರಟು. ಯಾರೋ ಕೂತು ಉಜ್ಜುತ್ತಿದ್ದರು. ಅರ್ಧಕ್ಕೇ ಎದ್ದು ಹೋಗಿದ್ದರು. ಯಾರು ಕರೆದರೋ, ಏನು ಬಂತೋ. ಮೂರು ಕಲ್ಲಿನ ಒಲೆಯೊಂದು ಅಲ್ಲೇ ಇತ್ತು, ಅದರೊಳಗೆ ಸುಟ್ಟ ಮೂಳೆ. ಯಾವ ಪ್ರಾಣಿಯದು ಎಂದು ಅವನಿಗೆ ತಿಳಿಯಲಿಲ್ಲ.

ಬಾನಿನಿಂದ ಬಿದ್ದದ್ದು ಚಕ್ಕೆ ಉದುರಿಸುವುದಿಲ್ಲ. ಇದನ್ನು ಕೈ ಮಾಡಿದೆ. ಆ ಕೈಗೆ ಮಡಕೆ ಗೊತ್ತಿರಲಿಲ್ಲ. ಇಟ್ಟಿಗೆ ಗೊತ್ತಿರಲಿಲ್ಲ. ಊರು ಎಂಬ ಮಾತೂ ಗೊತ್ತಿತ್ತೋ ಇಲ್ಲವೋ. ಬಾಯಿ ಮುಚ್ಚದ ಗುದ್ದಲಿಯವನು ಆ ಒಲೆಯ ಮುಂದೆ ಬಾಯಿ ಮುಚ್ಚಿ ಕೂತ. ಉಣ್ಣಲು ಕರೆದವರ ಮನೆಯಲ್ಲಿ ಕೂತ ಹಾಗೆ ಕೂತ.

ಆಮೇಲೆ ಮುಖ ಮೇಲೆತ್ತಿ ಕೂಗಿದ. 'ಇಲ್ಲಿ ಇನ್ನೊಬ್ಬರಿದ್ದಾರೆ!'

'ಯಾರ ಕಡೆಯವರು?' ಎಂದು ಊರೆಲ್ಲ ಒಟ್ಟಿಗೆ ಕೂಗಿ ಕೇಳಿತು.

'ಯಾರ ಕಡೆಯವರೂ ಅಲ್ಲ! ನಮ್ಮವರೂ ಅಲ್ಲ, ನಿಮ್ಮವರೂ ಅಲ್ಲ! ಇವರ ಹೆಸರು ಯಾರ ಬಾಯಲ್ಲೂ ಇಲ್ಲ! ಇವರ ಕೆಳಗೂ ಇನ್ನೂ ಮಣ್ಣಿದೆ!'

ಮೇಲೆ ಗದ್ದಲವೆದ್ದಿತು. ಮೊದಲು ಬಂದವರು ಯಾರೂ ಅಲ್ಲ ಎಂದ ಮೇಲೆ ಮೊದಲು ಕೂರುವವರು ಯಾರು, ಮೊದಲು ಸೇದುವವರು ಯಾರು? ಕಟ್ಟೆಯ ಮೇಲೆ ಕೂತಿದ್ದವರು ಕೂತ ಜಾಗ ಸುಟ್ಟವರ ಹಾಗೆ ಎದ್ದು ನಿಂತರು. ನಿನ್ನೆಯವರು ಅವರಿಗಿಂತ ಹೆಚ್ಚು ಕೂಗಿದರು: 'ಬಾಯಿಗೆ ಬಂದ ತುತ್ತು ಕಸಿದನಲ್ಲೋ ಮನೆಹಾಳ! ಒಂದು ಹೊತ್ತು ಮೊದಲಿನವರಾಗಿದ್ದೆವು, ಅದನ್ನೂ ಕಳೆದ!' ಮಾವ ಹೆಡಿಗೆಯ ತುಂಬ ಮಣ್ಣು ತುಂಬಿದ. ಕಟ್ಟೆಯವರೂ ತುಂಬಿದರು. ಎಂದೂ ಒಟ್ಟಿಗೆ ಕೆಲಸ ಮಾಡದವರು ಹೆಗಲಿಗೆ ಹೆಗಲು ತಾಗಿಸಿ, ಗುಂಡಿ ಮುಚ್ಚಲು, ಸಾಲುಗಟ್ಟಿ ಬಂದು ಅಂಚಿಗೆ ನಿಂತರು.

ಗುದ್ದಲಿಯವನು ಅಜ್ಜಿಯನ್ನು ಬೆನ್ನಿಗೇರಿಸಿ ಹತ್ತಿ ಬಂದ. ಹೆಡಿಗೆಗಳ ಎದುರಿಗೆ ನಿಂತ. ಅಡ್ಡ ಬರಲಿಲ್ಲ, ಕೈ ಮುಗಿಯಲಿಲ್ಲ.

'ಮುಚ್ಚಿ,' ಎಂದ. 'ಮುಚ್ಚಿ, ಯಾರು ಬ್ಯಾಡ ಅಂದರು? ಆದರೆ ಒಂದು ತಿಳಕೊಳ್ಳಿ. ನೀವು ತುಂಬೋ ಮಣ್ಣು ಕಲಸುಮಣ್ಣು. ಕಂದು, ಕೆಂಪು, ಬೂದಿ, ಎಲ್ಲ ಕಲಸಿದ್ದು. ಅದಕ್ಕೆ ಗೆರೆ ಕೂಡೋದಿಲ್ಲ. ಸುತ್ತ ಸೀರೆಯಂಥ ನೆಲ, ನಡುವೆ ತೇಪೆ ಹಾಕಿದ ಚೌಕ. ಎಷ್ಟೋ ಕಾಲದ ಮೇಲೆ ನನ್ನಂಥ ಇನ್ನೊಬ್ಬ ಹುಟ್ಟಿ ಬರ್ತಾನೆ. ನನ್ನಷ್ಟು ಚೆನ್ನಾಗಿ ಅಗೆಯೋನಲ್ಲ, ಇರಲಿ. ಅವನು ಕಣ್ಣು ಬಿಚ್ಚಿ ನೋಡಿ ಹೇಳ್ತಾನೆ: ಇಲ್ಲೊಂದು ಗುಂಡಿ ಇತ್ತು. ಯಾರೋ ನೋಡಿದ್ದರು. ಮಿಕ್ಕವರು ಹೆದರಿ ಮುಚ್ಚಿದರು. ನೀವು ಮುಚ್ಚಿದ್ದೂ ನೆಲದಲ್ಲಿ ಉಳಿಯುತ್ತೆ ಕಣ್ರೋ! ಹೊಳೆಗೆ ಹಾಕಿ ತೊಳೆದರೂ ಹೋಗೋದಿಲ್ಲ. ಈಗ ಸುರೀರಿ. ಯಾರು ಮೊದಲು? ಮೊದಲಿನವರಾಗಬೇಕು ಅಂತಿದ್ದಿರಲ್ಲ? ಬನ್ನಿ!'

ಯಾರೂ ಸುರಿಯಲಿಲ್ಲ. ಹೊತ್ತ ಹೆಡಿಗೆ ಹೊತ್ತಂತೆಯೇ ಇತ್ತು.

ಆಗ ಮೀಯಿಸುವವಳು ಬುಟ್ಟಿ ಕೆಳಗಿಟ್ಟಳು. ಇಷ್ಟು ಕಾಲ ಆಚೆ ತಿರುಗಿದ್ದ ಕತ್ತು, ತಿರುಗಿ ತಿರುಗಿ ಹಾಗೇ ಹೆಪ್ಪುಗಟ್ಟಿದ್ದ ಕತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಈಚೆ ತಿರುಗಿಸಿದಳು. ಗುಂಡಿಯನ್ನು ನೋಡಿದಳು. ಸಾಕ್ಷಿಯ ಮೈಮೇಲಿನ ಗೆರೆಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿದಳು.

'ನಾನು ಹೊಳೆಗೆ ಸುರಿದದ್ದು ಇದನ್ನಾ?' ಎಂದಳು.

ಅಂಚಿನಲ್ಲೇ ಕೂತು ಅತ್ತಳು. ಅವಳ ಕಣ್ಣು ಇಂಗಲಿಲ್ಲ, ಇಂಗಿದ್ದರೆ ಅಳು ಎಲ್ಲಿಂದ ಬರಬೇಕು? ಒಂದು ಹೆಡಿಗೆ ನೆಲಕ್ಕಿಳಿಯಿತು. ಇನ್ನೊಂದು ಇಳಿಯಿತು. ಇಷ್ಟು ಹೊತ್ತು ಗುದ್ದಲಿಯವನ ಮುಖವನ್ನಷ್ಟೇ ನೋಡಿದ್ದವರು ಈಗ ಒಬ್ಬರಾದ ಮೇಲೆ ಒಬ್ಬರು ಅಂಚಿಗೆ ಬಂದು ಗೆರೆಗಳತ್ತ ಇಣುಕಿದರು. ಕಟ್ಟೆಯ ಹಿರಿಯ ಎಲ್ಲರಾದ ಮೇಲೆ ಬಂದು ನೋಡಿದ. ಹೇಳಿಕೆಯವನು ಮಾತ್ರ ಬರಲಿಲ್ಲ. ಮೂಲದ ಮನೆಯೊಳಗೆ ಹೋಗಿ ಸಿಡಿಲುಗಳ ನಡುವೆ ಕೂತು ಬಾಗಿಲು ಹಾಕಿಕೊಂಡ.

ಮಡಕೆ ಮಡಕೆಯ ಜಾಗದಲ್ಲೇ ಉಳಿಯಿತು, ಕೊಡಲಿ ಕೊಡಲಿಯ ಜಾಗದಲ್ಲೇ ಉಳಿಯಿತು. ಗುಂಡಿ ತೆರೆದೇ ಉಳಿಯಿತು. ಅಜ್ಜಿ ಕೆಲವು ದಿನ ಬಿಟ್ಟು ಸತ್ತಳು, ಕೊನೆಯ ತನಕ ಆ ಎಡಚಿಯನ್ನು ಬೈಯುತ್ತ.

ಗುದ್ದಲಿಯವನು ಮತ್ತೆ ಕಟ್ಟೆಗೆ ಹೋದ. ಕಟ್ಟೆಯ ಮೇಲೆ ಯಾರು ಎಲ್ಲಿ ಕೂರಬೇಕೆಂದು ತಿಳಿಯದೆ ಎಲ್ಲರೂ ನಿಂತಿದ್ದರು.

'ಮಣ್ಣು ಬೇಕು,' ಎಂದ.

'ಯಾವ ಹಕ್ಕಿನ ಮೇಲೆ?' ಎಂದ ಹಿರಿಯ. ಗದರಿಸಿ ಕೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ.

'ಸತ್ತಿದ್ದಾಳೆ, ಅದಕ್ಕೆ.'

ಹಿರಿಯ ಸುತ್ತ ನೋಡಿದ. ಬೇಡ ಎನ್ನಲು ಯಾರ ಹತ್ತಿರವೂ ಕಾರಣ ಉಳಿದಿರಲಿಲ್ಲ.

ಅವನಿಗೆ ಕಟ್ಟೆಯ ಮೇಲೆ ಜಾಗ ಕೊಡಲಿಲ್ಲ. ಹೆಸರು ಕೊಡಲಿಲ್ಲ, ಶಾಲು ಹೊದಿಸಲಿಲ್ಲ. ಅವನ ಕೇರಿಯವರು ಎಷ್ಟೋ ದಿನ ಅವನಿಗೆ ಬೆಂಕಿ, ಉಪ್ಪು ಕೂಡ ಕೊಡಲಿಲ್ಲ. ಊರು ಅವನಿಗೆ ಕೊನೆಗೆ ಕೊಟ್ಟದ್ದು ದಿನ್ನೆಯ ಮೇಲ್ಮಣ್ಣಿನಲ್ಲಿ ಒಬ್ಬ ಮುದುಕಿ ಮಲಗುವಷ್ಟು ನೆಲ.